ಕೊಕ್ಕರೆಯ ಕತ್ತು, ಕನ್ನಡಕ ಬೇಡದ ಪರದೆ

ಟೀವಿ ಅಂಗಡಿಯ ಕೊಕ್ಕರೆಗೆ ಆ ಅಡ್ಡಹೆಸರು ಬಂದದ್ದು ಕತ್ತಿನಿಂದ. ಗಿರಾಕಿ ಯಾವ ಟೀವಿಯ ಮುಂದೆ ನಿಂತರೂ ಅವರ ಭುಜದ ಪಕ್ಕದಿಂದ ಇವನ ಕತ್ತು ಚಾಚಿಕೊಳ್ಳುತ್ತಿತ್ತು. ಅದರ ಬೆನ್ನಿಗೇ ಮಾತು. ಗಿರಾಕಿಯನ್ನು ಒಂಟಿಯಾಗಿ ಬಿಟ್ಟರೆ ಬುದ್ಧಿ ಬಂದುಬಿಡುತ್ತದೆ ಎಂಬುದು ಅವನ ವ್ಯಾಪಾರಧರ್ಮ. ರೇಡಿಯೊ ಕಾಲದಿಂದಲೂ ಅಕ್ಕನ ಗಂಡನ ಅಂಗಡಿಯಲ್ಲಿ ಹಾಗೆಯೇ ಮಾರಿ ಬದುಕಿದವನು.

ಅಂಥವನ ಕೈಗೆ ಕಂಪನಿಯವರು ಕನ್ನಡಕವಿಲ್ಲದೆಯೇ ತ್ರೀಡಿ ತೋರಿಸುವ ಪರದೆ ಒಪ್ಪಿಸಿ ಹೋದರು. ಪರದೆಯ ನೆತ್ತಿಯ ಮೇಲಿನ ಪುಟ್ಟ ಕ್ಯಾಮೆರಾ ನೋಡುವವರ ತಲೆಯನ್ನು ಹಿಂಬಾಲಿಸಿ, ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ಕಳಿಸುತ್ತದೆ. ತಲೆ ವಾಲಿಸಿದರೆ ವಸ್ತುವಿನ ಪಕ್ಕವೂ ಕಾಣುತ್ತದೆ. ಮೊದಲ ದಿನವೇ ಒಂದು ಮೀನು ಗಾಜು ದಾಟಿ ಬಂದು ಮೂಗಿನೆದುರು ಬಾಲ ಆಡಿಸಿದಾಗ ಕೊಕ್ಕರೆ ಬಾಯಿ ಬಿಟ್ಟು ನಿಂತ. ಆದರೆ ಶನಿವಾರ ಸಂಜೆಯೊಳಗೆ ಒಂದಾದರೂ ಆರ್ಡರ್ ಬರದಿದ್ದರೆ ಪರದೆ ಎದುರಂಗಡಿಯ ಪಾಲು.

ಬಂದವರೆಲ್ಲ ಕಣ್ಣುಜ್ಜಿಕೊಂಡು ಹೋದರು. ಒಬ್ಬರಿಗೆ ಮೀನು ಎರಡಾಗಿ ಕಂಡಿತು, ಇನ್ನೊಬ್ಬರಿಗೆ ತಲೆ ಸುತ್ತಿತು. ಪಕ್ಕದಲ್ಲಿ ನಿಂತ ಇವನಿಗೆ ಮಾತ್ರ ಇಡೀ ಸಮುದ್ರವೇ ಕಾಣುತ್ತಿತ್ತು. ಭಾವ ತಾನೂ ಒಮ್ಮೆ ಇಣುಕಿ, ಮಾಲು ವಾಪಸ್ ಹೋದರೆ ಪೀಡೆ ಕಳೆಯಿತು ಎಂದ.

ಶನಿವಾರ ಸಂಜೆ ವೈದ್ಯಕೀಯ ಕಾಲೇಜಿನ ಮೇಡಂ ಬಂದರು. ವಿದ್ಯಾರ್ಥಿಗಳಿಗೆ ಹೃದಯದ ಒಳಗನ್ನು ತೋರಿಸಬೇಕಿತ್ತಂತೆ. ಕೊಕ್ಕರೆ ಪರದೆಯಲ್ಲಿ ಹೃದಯ ತೆರೆದಿಟ್ಟು, ಕತ್ತು ಚಾಚಿ, ತನ್ನದೇ ಹೃದಯವೆಂಬಂತೆ ವರ್ಣಿಸಿದ. ಎಲ್ಲ ಮಸುಕು ಎನ್ನುತ್ತಾ ಮೇಡಂ ಚೀಲ ಹೆಗಲಿಗೇರಿಸಿದರು. ಗಾಬರಿಯಲ್ಲಿ ಇವನ ಕೈಯ ರಿಮೋಟ್ ಬಿತ್ತು. ಹೆಕ್ಕಲು ಬಗ್ಗಿದ.

"ಅರೆ, ಈಗ ಬಂತಲ್ಲ" ಎಂದರು ಮೇಡಂ.

ಇವನು ಖುಷಿಯಿಂದ ಎದ್ದ.

"ಹೋಯ್ತು."

ಗಲ್ಲಾದ ಹಿಂದಿದ್ದ ಅಕ್ಕನಿಗೆ ಅಷ್ಟೇ ಸಾಕಾಯಿತು. "ಅದು ಒಂದು ಸಲಕ್ಕೆ ಒಬ್ಬರ ಮುಖ ಹಿಡಿಯತ್ತೆ ಕಣೋ. ನಿನ್ನ ಮುಖ ಮುಂದಿದೆ, ನಿನಗೇ ತೋರಿಸ್ತಿದೆ. ಕಂಪನಿಯವ್ರು ಹೇಳ್ಕೊಟ್ಟಾಗ ಏನ್ ಮಾಡ್ತಿದ್ದೆ?"

ಮಾತಾಡುತ್ತಿದ್ದ, ಮತ್ತೇನು.

ಭಾವ ಅವನ ತೋಳು ಹಿಡಿದು ಹಿಂದಿನ ಫ್ರಿಜ್ಜುಗಳ ಸಾಲಿಗೆ ನೂಕಿದ. "ಇಲ್ಲೇ ನಿಲ್ಲು. ಬಾಯಿ ತೆಗೆದ್ರೆ ಕತ್ತೂ ಜೊತೆಗೇ ಬರತ್ತೆ ನಿಂದು."

ಅಲ್ಲಿಂದ ಕಂಡದ್ದು ಮೇಡಂ ಬೆನ್ನು ಮಾತ್ರ. ಅವರು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಮೊಣಕಾಲು ಮಡಿಸಿ ಕೆಳಗಿನಿಂದ ಇಣುಕಿದರು. ಆಮೇಲೆ ಅವರ ಎರಡು ಬೆರಳು ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಬಿಡಿಸಲು ಹೋದವು. ಕೊಕ್ಕರೆ ತುಟಿ ಕಚ್ಚಿ ಫ್ರಿಜ್ಜಿನ ಹಿಡಿ ಹಿಡಿದ. ಯಾರೂ ಬಾಯಿ ಬಿಡದೆ ಮಾಲು ತನ್ನನ್ನು ತಾನೇ ಮಾರಿಕೊಳ್ಳುವುದನ್ನು ಅವನು ಕಂಡದ್ದು ಅದೇ ಮೊದಲು. ಹೊಟ್ಟೆಕಿಚ್ಚೂ ಆಯಿತು, ಕುಣಿಯಬೇಕೆಂದೂ ಅನ್ನಿಸಿತು.

"ಇದು ನಮ್ಮ ಲ್ಯಾಬಿಗೆ ಬೇಕು" ಎಂದರು ಮೇಡಂ, ತಿರುಗದೆಯೇ. "ಒಬ್ಬೊಬ್ಬರೇ ಕೂತು ನೋಡ್ಲಿ."

ಆರ್ಡರ್ ಬರೆದುಕೊಂಡು ಅವರನ್ನು ಬಾಗಿಲವರೆಗೆ ಕಳಿಸಿ ಬಂದ ಭಾವ, ಏನೂ ಆಗದವನಂತೆ ಪರದೆಯ ಮುಂದೆ ಸುಳಿದಾಡಿದ. ಕೊಕ್ಕರೆ ಸಾಲು ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಭಾವನ ಕೈಯೂ ಗಾಳಿಯಲ್ಲಿ ತಡಕತೊಡಗಿತು.