ರಹಿಮಾಬಿ ಓಣಿಗೆ ಹೊಲಿದ ನೆರಳು

ಒಂದೇ ಪದರಿನ ಬಟ್ಟೆ ಕಂಡರೆ ರಹಿಮಾಬಿಯ ಕೈ ಸುಮ್ಮನಿರುತ್ತಿರಲಿಲ್ಲ. ತಿಕೋಟಾದ ತವರಿನಲ್ಲಿ ತಾಯಿಯ ಪಕ್ಕ ಕುಳಿತು ಹಳೆ ಬಟ್ಟೆಗಳ ಪದರು ಸೇರಿಸಿ ಕೌದಿ ಹೊಲಿಯಲು ಕಲಿತವಳು. ವಿಜಾಪುರದ ಸೊಲ್ಲಾಪುರ ರಸ್ತೆಯ ಬದಿಯ ಓಣಿಗೆ ಸೊಸೆಯಾಗಿ ಬಂದಮೇಲೆ ಅಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯ ಮೇಲೆಯೇ ಹೊರಳಿದವು.

ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅವಳ ಮನೆಗೇ ಕೂಸು ಬರುವುದಿತ್ತು. ಸೊಸೆ ಗುಲಶನಳಿಗೆ ಬಬಲೇಶ್ವರದ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಇಲ್ಲೇ ಆಗಬೇಕು. ಓಣಿಯ ಬೇವಿನ ಮರಗಳು ಗ್ಯಾರೇಜುಗಳಿಗೆ ಜಾಗ ಬಿಟ್ಟಿದ್ದವು, ಮಣ್ಣಿನ ಮಾಳಿಗೆಗಳು ತಗಡಾಗಿದ್ದವು. ಆ ತಗಡಿನ ಕೆಳಗೆ ಗುಲಶನ ಆಗಲೇ ಎರಡು ಸಲ ಕಣ್ಣು ಕತ್ತಲೆಗಟ್ಟಿ ಕುಸಿದಿದ್ದಳು. ಇನ್ನೊಮ್ಮೆ ಬಿದ್ದರೆ ಏನು ಗತಿಯೆಂದು ರಹಿಮಾಬಿಗೆ ತುತ್ತು ಇಳಿಯುತ್ತಿರಲಿಲ್ಲ.

ಓಣಿಗೆ ನೆರಳು ಕಟ್ಟಿಕೊಡಿ ಎಂದು ಓಣಿಯವರು ಹೋಗಿ ಕೇಳಿದ್ದಕ್ಕೆ ನಗರಸಭೆ ಒಪ್ಪಿತು. ಕಂಬ, ಹಗ್ಗ ಅವರದು. ಓಣಿಯ ಮೇಲೆ ಹರಡುವ ಬಟ್ಟೆ ಜನರದು. ಮನೆಮನೆಯಿಂದ ಹಳೆಯ ಸೀರೆ, ಧೋತರ, ಲುಂಗಿ ಬಂದವು. ರಹಿಮಾಬಿ ಹೊಲಿದಳು, ಎದುರು ಮನೆಯ ನೀಲಾಬಾಯಿ ದಾರ ಪೋಣಿಸಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕೊನೆಯ ಮೂಲೆಯಲ್ಲಿ ರೊಟ್ಟಿಯ ಚೂರನ್ನೂ ಇಟ್ಟು ಮುಚ್ಚಿದರು.

ಕಟ್ಟುವ ದಿನ ಓಣಿಗೆ ಓಣಿಯೇ ಹಗ್ಗ ಜಗ್ಗಿತು. ಬಟ್ಟೆ ಏರಿತು, ತೂಗಿತು, ಕಂಬಗಳನ್ನು ಬಾಗಿಸಿತು. ಆಮೇಲೆ ಮೆಲ್ಲಗಿಳಿದು ಕಂಬ ನೆಡಿಸಿದ್ದ ನಗರಸಭೆಯ ಮುಕಾದಮ ಬಸಲಿಂಗಯ್ಯನನ್ನು ಪೂರ್ತಿ ಮುಚ್ಚಿಕೊಂಡಿತು.

ಒಳಗಿನಿಂದ ದನಿ ಬಂತು. “ಯವ್ವಾ, ಎಷ್ಟ ಪದರ ಹಾಕೀರಿ ಇದಕ್ಕ?”

“ಎರಡರಿ,” ಅಂದಳು ರಹಿಮಾಬಿ.

“ನೆರಳಿಗೆ ಒಂದ ಸಾಕಿತ್ತಲ್ಲರಿ.”

“ಒಂದಂದ್ರ ಬರೇ ಬಟ್ಟಿರಿ. ನನ್ನ ಕೈಗೆ ಕೌದಿ ಅಷ್ಟ ಬರೂದು.”

ನೀಲಾಬಾಯಿ ನೆಲಕ್ಕೆ ಕುಳಿತು ನಕ್ಕಳು. “ಹಸಿವಾದ್ರ ಮೂಲ್ಯಾಗ ನೋಡ್ರಿ ಸಾಹೇಬರ, ರೊಟ್ಟಿ ಐತಿ.”

ಎಲ್ಲರೂ ನಗುತ್ತಿದ್ದಾಗ ಮನೆಯೊಳಗಿನಿಂದ ಗುಲಶನ ಸಣ್ಣ ದನಿಯಲ್ಲಿ ನೀರು ಕೇಳಿದಳು. ರಹಿಮಾಬಿಯ ನಗು ನಿಂತಿತು. ಅವಳು ತಗಡಿನತ್ತ ನೋಡಿದಳು.

“ಇದನ್ನ ತಗಡಿಗೆ ಹೊಚ್ಚೂನು.”

“ಕೂಸಿನ್ನ ಕುದಸ್ತಿ ಏನ ಬೇ?” ಅಂದಳು ನೀಲಾಬಾಯಿ.

“ಒದ್ದಿ ಮಾಡಿ ಹೊಚ್ಚೂದು. ನೀರಿನ ಕೊಡಕ್ಕ ಒದ್ದಿ ಅರಿಬಿ ಸುತ್ತಂಗಿಲ್ಲೇನು?”

ಒಂದಕ್ಕೊಂದು ಅಂಟಿಕೊಂಡಿದ್ದ ರಹಿಮಾಬಿಯ ಸಾಲಿನ ನಾಲ್ಕು ಮನೆಗಳ ತಗಡನ್ನು ಒಂದೇ ಕೌದಿ ಮುಚ್ಚಿತು. ಧೂಳು ಕೂರಿಸಲು ರಸ್ತೆಗೆ ನೀರು ಹೊಡೆಯುವ ಗಾಡಿಯನ್ನು ಬಸಲಿಂಗಯ್ಯ ಓಣಿಗೇ ತಿರುಗಿಸಿ ತಂದ. ನೀರು ಬಿದ್ದದ್ದೇ ತಡ, ಸೀರೆಗಳು ಬಣ್ಣ ಬಿಟ್ಟವು. ಸೂರಿನಿಂದ ಕೆಂಪು, ನೀಲಿ, ಹಸಿರು ಹನಿಗಳು ತೊಟ್ಟಿಕ್ಕಿ, ಕೆಳಗೆ ನಿಂತಿದ್ದ ಬಸಲಿಂಗಯ್ಯನ ಬಿಳಿ ಅಂಗಿ ಗುಲಾಬಿಯಾಯಿತು.

“ಅದು ನನ್ನ ಮದವಿ ಸೀರಿ ಬಣ್ಣರಿ,” ಅಂದಳು ನೀಲಾಬಾಯಿ. “ಪಕ್ಕಾ ಬಣ್ಣ ಅಂತ ಹೇಳಿ ತಂದಿದ್ದ ನಮ್ಮ ಮಾವ.”

ರಹಿಮಾಬಿ ಒಳಗೆ ಇಣುಕಿ ಬಂದು ತುಟಿಯ ಮೇಲೆ ಬೆರಳಿಟ್ಟಳು. ಎಷ್ಟೋ ದಿನಗಳ ಮೇಲೆ ಗುಲಶನಳಿಗೆ ಮಧ್ಯಾಹ್ನದ ನಿದ್ದೆ ಹತ್ತಿತ್ತು. ಬಣ್ಣಬಣ್ಣವಾದ ಓಣಿ ಸೆರಗು, ಟವೆಲ್ಲು ಬಾಯಿಗೊತ್ತಿಕೊಂಡು ನಕ್ಕಿತು.

ಕೂಸು ಹುಟ್ಟಿದ್ದು ಮುಂದಿನ ವಾರದ ಒಂದು ಸುಡು ಮಧ್ಯಾಹ್ನ. ಹೊರಗೆ ಅದೇ ಗುಲಾಬಿ ಅಂಗಿಯಲ್ಲಿ ಕೌದಿಗೆ ನೀರು ಹೊಡೆಯುತ್ತಿದ್ದ ಬಸಲಿಂಗಯ್ಯ ಅಳು ಕೇಳಿ ಪೈಪು ಹಿಡಿದೇ ತಿರುಗಿದ. ಬಾಗಿಲಿಗೆ ಬಂದ ಹೊಸ ಅಜ್ಜಿ ತಲೆಯಿಂದ ಪಾದದವರೆಗೆ ತೊಯ್ದುಹೋದಳು.