ಮೊದಲ ‘ಸಾಕು’

ಬಳ್ಳಾರಿಯ ಆ ಆರೈಕೆ ಕೇಂದ್ರದವರು ನನ್ನ ಅಕ್ಕನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಬಹಳ ಮರ್ಯಾದೆಯಿಂದ ಉಪವಾಸ ಕೆಡವಿದರು. ನನ್ನ ಸಿಟ್ಟು ಇನ್ನೂ ಇಳಿಯದಿರುವುದು ಅದಕ್ಕೇ.

ಕುರುಗೋಡಿನ ತನ್ನ ಮನೆಯ ಬಚ್ಚಲಲ್ಲಿ ಜಾರಿ ಅಕ್ಕನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮೇಲೆ ಎರಡು ತಿಂಗಳು ಪಕ್ಕದಲ್ಲೇ ಯಾರಾದರೂ ಇರಬೇಕು, ದಿನಾ ವ್ಯಾಯಾಮ ಮಾಡಿಸಿ ನಡೆಸಬೇಕು ಎಂದರು ಡಾಕ್ಟರು. ಅಕ್ಕನಿಗೆ ಮಕ್ಕಳಿಲ್ಲ. ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು; ಸಿರುಗುಪ್ಪದಿಂದ ಹೆಗಲ ಮೇಲೆ ಗಂಟು ಹೊತ್ತು ಬಂದು ಮಾತಿನ ಬಲದಿಂದಲೇ ನಿಂತವನು. ಕೇಂದ್ರ ಆರಿಸುವಾಗಲೂ ಅಂಗಡಿ ಬುದ್ಧಿಯನ್ನೇ ಓಡಿಸಿದೆ. ಮಂಚ ಅಲ್ಲಾಡಿಸಿ ನೋಡಿದೆ, ಹಾಸಿಗೆ ಒತ್ತಿ ನೋಡಿದೆ, ಕಕ್ಕಸಿನ ಹಿಡಿಕೆ ಜಗ್ಗಿ ನೋಡಿದೆ. ಊಟದ ಹೊತ್ತಿನಲ್ಲಿ ಮಾತ್ರ ಹೋಗಲಿಲ್ಲ. ಯಾರನ್ನಾದರೂ ಇಂಥಲ್ಲಿ ಸೇರಿಸುವವರಿಗೆ ನಾನೀಗ ಮೊದಲು ಹೇಳುವುದು ಅದನ್ನೇ: ಟೈಲ್ಸ್ ನೋಡಬೇಡಿ, ಊಟದ ಹೊತ್ತಿಗೆ ಹೋಗಿ, ಹೇಳದೆ ಹೋಗಿ.

ಮೂರನೇ ವಾರ ವ್ಯಾಯಾಮ ಮಾಡಿಸುವವರು ನನ್ನನ್ನು ಪಕ್ಕಕ್ಕೆ ಕರೆದರು. "ಮೂಳಿ ಕೂಡಾಕ ಹತ್ತೇತ್ರಿ, ಆದ್ರ ಕಾಲಾಗ ಕಸುವಿಲ್ಲ. ಹಿಂಗ ಆದ್ರ ಅಮ್ಮಾರು ಹಾಸಿಗಿನೇ ಹಿಡೀತಾರ." ನಾನು ಅಕ್ಕನ ಕಡೆ ನೋಡಿದೆ. ರವಿಕೆಯ ತೋಳಿನೊಳಗೆ ಇನ್ನೊಂದು ತೋಳು ಹಿಡಿಯುವಷ್ಟು ಜಾಗವಿತ್ತು.

ಮೇಲ್ವಿಚಾರಕಿಯನ್ನು ಕೇಳಿದರೆ ಆಕೆ ಫೈಲು ತೆಗೆದು ತೋರಿಸಿದಳು. ಹಾಳೆ ತುಂಬ ಒಂದೇ ಸಾಲು. ಬೆಳಿಗ್ಗೆ, ಸಾಕು ಎಂದರು. ಮಧ್ಯಾಹ್ನ, ಸಾಕು ಎಂದರು. ಸಂಜೆ, ಸಾಕು ಎಂದರು.

"ಅವ್ರು ಸಾಕಂದ ಮ್ಯಾಲ ಬಾಯಾಗ ತುರುಕಾಕ ಬರಂಗಿಲ್ರಿ ಅಣ್ಣಾರ. ಅವ್ರ ಇಷ್ಟ ನಾವು ಕೇಳಬೇಕು. ರೂಲ್ಸ್ ಐತಿ."

ಮರುದಿನ ಮಧ್ಯಾಹ್ನ ಅಂಗಡಿ ಬಿಟ್ಟು ಅಕ್ಕನ ಮಂಚದ ಪಕ್ಕ ಕುಳಿತೆ. ಆಯಾ ಗಾಡಿ ತಳ್ಳಿಕೊಂಡು ಬಂದು ಒಂದು ಸೌಟು ಅನ್ನ ಹಾಕಿದಳು. ಅಕ್ಕ ತಟ್ಟೆಗೆ ಅಂಗೈ ಅಡ್ಡ ಹಿಡಿದು "ಸಾಕವ್ವಾ, ನಿನಗ್ಯಾಕ ತ್ರಾಸ" ಎಂದಳು. ಆಯಾ ಮುಂದಿನ ಮಂಚಕ್ಕೆ ಹೋದಳು. ಅಷ್ಟೇ.

ಅಕ್ಕನ ಬೆರಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಸಿರುಗುಪ್ಪದ ನಮ್ಮ ಮನೆಯಲ್ಲಿ ಬೆರಳು ಬಿಚ್ಚಿದ ಕೈ ಅಂದರೆ ಇನ್ನೂ ಹಾಕು ಎಂದರ್ಥ. ಬೆರಳು ಕೂಡಿಸಿ ತಟ್ಟೆಯ ಮೇಲೆ ಬಾಗಿದರೆ ಮಾತ್ರ ನಿಜವಾಗಿ ಸಾಕು. ಮೊದಲ ‘ಸಾಕು’ ಬರೀ ಮರ್ಯಾದೆಯ ಮಾತು. ಆ ಒಂದು ಮಾತಿಗೇ ಸೌಟು ಹಿಂದೆ ತೆಗೆದ ಮನೆಯನ್ನು ಜನ ತಿಂಗಳುಗಟ್ಟಲೆ ಆಡಿಕೊಳ್ಳುತ್ತಿದ್ದರು. ಇಲ್ಲಿ ಮೂರು ವಾರ ಅದನ್ನೇ ಬರೆದು, ಸಹಿ ಹಾಕಿ, ಫೈಲಿಗೆ ಸೇರಿಸಿದ್ದಾರೆ.

"ಇನ್ನಷ್ಟು ಹಾಕು ಅನ್ನಾಕ ನಿನಗ ಬಾಯಿಲ್ಲೇನು?" ಎಂದು ಅಕ್ಕನ ಮೇಲೇ ರೇಗಿದೆ.

"ಹಾಕು ಹಾಕು ಅನ್ನಾಕ ನಾ ಏನು ಭಿಕ್ಷಾಕ ಕುಂತೀನೇನಲೇ? ಆಕಿ ಕೇಳ್ಬೇಕು. ನೀನೂ ಅಷ್ಟ. ನಮ್ಮನಿಗೆ ಬರ್ತಿಯೇನು ಅಂದಿ, ನಾ ಬ್ಯಾಡಂದೆ. ಎರಡನೇ ಸರ್ತಿ ಕೇಳಿದ್ಯೇನು?"

ಕೇಳಿರಲಿಲ್ಲ. ನನ್ನ ಮೇಲಿನ ಆ ಸಿಟ್ಟನ್ನೂ ಹೊತ್ತುಕೊಂಡೇ ಮೇಲ್ವಿಚಾರಕಿಯ ಕೋಣೆಗೆ ನುಗ್ಗಿದೆ.

"ಆತ್ರಿ, ನಿಮ್ಮಕ್ಕಾರಿಗೆ ಸ್ಪೆಷಲ್ಲಾಗಿ ಎರಡ್ಸರ್ತಿ ಕೇಳಾಕ ಹೇಳ್ತೀನಿ" ಎಂದಳು ಆಕೆ.

ಸ್ಪೆಷಲ್ ಅನ್ನುವುದು ಗಿರಾಕಿ ಎದುರಿಗೆ ನಿಂತಿರುವ ತನಕ ಮಾತ್ರ ಎಂದು ನನಗೆ ಚೆನ್ನಾಗಿ ಗೊತ್ತು. "ಬಾಜೂ ಮಂಚದಾಕಿಗೆ?" ಎಂದೆ.

"ಅವ್ರ ಕಡೇರು ಯಾರೂ ಕಂಪ್ಲೇಂಟ್ ಮಾಡಿಲ್ಲಲ್ರಿ."

ನಾನು ದನಿ ಎತ್ತಿದ್ದು ಆಗ. ಮೇಲ್ವಿಚಾರಕಿ ಆಯಾಳನ್ನು ಕರೆಸಿ ತಪ್ಪನ್ನು ಅವಳ ಮೇಲೆ ಹಾಕಲು ನೋಡಿದಳು. ಅವಳು ಹೆದರಲಿಲ್ಲ. "ಇಪ್ಪತ್ತು ಮಂಚ, ನಾ ಒಬ್ಬಾಕಿ. ಅರ್ಧ ತಾಸಿನಾಗ ತಟ್ಟಿ ಎತ್ತು ಅಂತೀರಿ. ನಮ್ಮನ್ಯಾಗ ನಾ ಎರಡ್ಸರ್ತಿ ಕೇಳಂಗಿಲ್ಲೇನ್ರಿ? ಇಲ್ಲಿ ಹೊತ್ತೆಲ್ಲೈತಿ?"

ಅವಳ ಮಾತು ನಿಜವಾಗಿತ್ತು. ನಾನು ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತು ಚೌಕಾಸಿಗೆ ಇಳಿದೆ. ಊಟಕ್ಕೆ ಒಂದೂವರೆ ತಾಸು ಕೇಳಿ ಒಂದು ತಾಸಿಗೆ ಇಳಿದೆ. ಬಟ್ಟೆ ಒಗೆಯುವಾಕೆ ಆ ಹೊತ್ತಿಗೆ ಬಡಿಸಲು ಬರಬೇಕು. ಎಲ್ಲ ಮಂಚಕ್ಕೂ ಎರಡು ಸಲ ಕೇಳಬೇಕು. ಹಾಳೆಯಲ್ಲಿ ‘ಸಾಕು ಎಂದರು’ ಬೇಡ, ಎಷ್ಟು ಸೌಟು ಉಂಡರು ಎಂದು ಬರೆಯಬೇಕು. ವಾರಕ್ಕೊಮ್ಮೆ ತೂಕ ನೋಡಬೇಕು.

"ಇದು ಸೀರಿ ಅಂಗಡಿ ಅಲ್ರಿ" ಎಂದಳು ಮೇಲ್ವಿಚಾರಕಿ.

"ಗೊತ್ತೈತ್ರಿ. ಸೀರಿ ಅಂಗಡ್ಯಾಗ ಮೂರು ಸರ್ತಿ ಕೇಳ್ತೀವಿ."

ಸಂಜೆಯ ಚಹಾ ಬರುವ ಹೊತ್ತಿಗೆ ಒಪ್ಪಿದಳು. ಆರು ವಾರ ಕಳೆದ ಮೇಲೆ ಅಕ್ಕ ವಾಕರ್ ಹಿಡಿದು ಬಾಗಿಲ ತನಕ ತಾನೇ ನಡೆದು ಬಂದು ಕಾರು ಹತ್ತಿದಳು. ಈಗ ಕುರುಗೋಡಿನಲ್ಲಿ ಅಂಗಳ ದಾಟಿ ನೀರು ಹಿಡಿಯುತ್ತಾಳೆ. ಮೊನ್ನೆ ಹೋದಾಗ, "ಬಾಜೂ ಮಂಚದಾಕಿ ಉಣ್ತಾಳೇನು, ಒಮ್ಮೆ ನೋಡ್ಕೊಂಡು ಬಾ" ಎಂದಳು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೇಳದೆ ಕೇಂದ್ರಕ್ಕೆ ಹೋದೆ. ಮತ್ತೆ ಒಬ್ಬಳೇ ಆಯಾ, ಅದೇ ಅರ್ಧ ತಾಸು. ಬಟ್ಟೆ ಒಗೆಯುವಾಕೆ ಹಿತ್ತಲಲ್ಲಿದ್ದಳು.

"ನಿಮ್ಮ ಪೇಶಂಟ್ ಮನಿಗೆ ಹೋದ್ರಲ್ರಿ, ಇನ್ಯಾಕ ಬಂದ್ರಿ?" ಎಂದಳು ಮೇಲ್ವಿಚಾರಕಿ.

"ಉಳ್ದ ಹತ್ತೊಂಬತ್ತು ಮಂದಿ ಸಲುವಾಗಿ" ಎಂದೆ, ಕುರ್ಚಿ ಎಳೆದುಕೊಂಡು.