ಪೀರಮ್ಮನ ಗುಲಾಬಿ ಮಾತ್ರೆ

ಹಲಸೂರಿನ ದೇವಸ್ಥಾನದ ಬೀದಿಯಲ್ಲಿ ಬೈರಮ್ಮ ಹೂ ಮಾರಲು ಕೂತು ಇಪ್ಪತ್ತೆಂಟು ವರ್ಷ. ಮಗ್ಗುಲಲ್ಲೇ ಪೀರಮ್ಮ. ಇಬ್ಬರಿಗೂ ಅರವತ್ತು ದಾಟಿದೆ. ಆದರೆ ಪೀರಮ್ಮ ಹೂಬುಟ್ಟಿ ಸೊಂಟಕ್ಕೇರಿಸಿ ಒಂದೇ ಉಸಿರಿಗೆ ಏಳುತ್ತಿದ್ದಳು, ಬೈರಮ್ಮ ಗೋಡೆ ಹಿಡಿಯಬೇಕು. ಅದನ್ನು ಕಂಡಾಗಲೆಲ್ಲ ಅವಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಹೋದ ವರ್ಷ ಇಬ್ಬರಿಗೂ ಕೊಲೆಸ್ಟ್ರಾಲ್ ಜಾಸ್ತಿ ಅಂತ ಗೊತ್ತಾಯಿತು. ಬೈರಮ್ಮನಿಗೆ ಸರ್ಕಾರಿ ಆಸ್ಪತ್ರೆಯ ಬಿಳಿ ಮಾತ್ರೆ. ಪೀರಮ್ಮನ ಅಳಿಯ ಮಹದೇವಪುರದಲ್ಲಿ ಕ್ಯಾಬ್ ಓಡಿಸುತ್ತಾನೆ. ಅವನು ಅತ್ತೆಯನ್ನು ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದು ಗುಲಾಬಿ ಮಾತ್ರೆ ಬರೆಸಿದ.

“ಬಣ್ಣ ನೋಡು ಬೈರಿ, ನುಂಗೋಕೂ ಮನಸ್ಸು ಬರತ್ತೆ.”

“ನಿಂಗೇನಮ್ಮ, ಅಳಿಯ ಇದಾನೆ. ನಮ್ಮಂಥೋರಿಗೆ ಸುಣ್ಣದ ಉಂಡೆ,” ಅಂದಳು ಬೈರಮ್ಮ.

ಪೀರಮ್ಮ ಬಿಸಾಡಿದ ಮಾತ್ರೆಯ ಖಾಲಿ ಪಟ್ಟಿಯನ್ನು ಬೈರಮ್ಮ ಹೆಕ್ಕಿಕೊಂಡು, ಗುರುತಿನವರಿಲ್ಲದ ಶಿವಾಜಿನಗರದ ಮೆಡಿಕಲ್ ಶಾಪಿನಲ್ಲಿ ತೋರಿಸಿದಳು. ಅಂಗಡಿಯವನು ಡಾಕ್ಟರ ಚೀಟಿ ಕೇಳದೆ ಅದನ್ನೇ ಕೊಟ್ಟ. ಬಿಳಿಯದನ್ನೂ ಅವಳು ಬಿಡಲಿಲ್ಲ, ಬಿಡಬಾರದು ಅಂತ ಹೇಳಿದ್ದರಲ್ಲ. ರಾತ್ರಿ ಊಟವಾದ ಮೇಲೆ ಬಿಳಿಯದೊಂದು, ಗುಲಾಬಿಯದೊಂದು. ಪೀರಿಗಿಂತ ನನಗೇ ಒಂದು ಹೆಚ್ಚು ಅಂತ ಸಮಾಧಾನ.

ಮೂರನೇ ವಾರಕ್ಕೆ ತೊಡೆಗಳು ಒನಕೆಯಲ್ಲಿ ಕುಟ್ಟಿದ ಹಾಗೆ ನೊಂದವು. ಮಾತ್ರೆ ಕೆಲಸ ಮಾಡ್ತಿದೆ ಅಂದುಕೊಂಡಳು. ಐದನೇ ವಾರ ಒಂದು ಬೆಳಿಗ್ಗೆ ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ಬಂತು, ಯಾರಿಗೂ ಹೇಳಲಿಲ್ಲ. ಅವತ್ತೇ ಮಧ್ಯಾಹ್ನ, ಕೂತವಳಿಗೆ ಗೋಡೆ ಹಿಡಿದರೂ ಏಳಲಾಗಲಿಲ್ಲ. ಎತ್ತಿ ಆಟೋಗೆ ಕೂರಿಸಿದವಳು ಪೀರಮ್ಮನೇ. ಅದೂ ಒಂದೇ ಉಸಿರಿಗೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿದರು. “ಮಾಂಸಖಂಡ ಕರಗಿ ರಕ್ತಕ್ಕೆ ಸೇರ್ತಿದೆ ಅಜ್ಜಿ. ಕೊಲೆಸ್ಟ್ರಾಲ್ ಮಾತ್ರೆಯಿಂದ ಹೀಗಾಗೋದು ಅಪರೂಪ, ಅದೂ ನಿಮ್ಮದು ಸಣ್ಣ ಡೋಸು. ಬೇರೆ ಏನಾದ್ರೂ ನುಂಗ್ತಿದೀರಾ?”

ಮಂಚದ ಪಕ್ಕ ಪೀರಮ್ಮ ನಿಂತಿದ್ದಳು. “ಇಲ್ಲ,” ಅಂದಳು ಬೈರಮ್ಮ.

“ನಿಜ ಹೇಳಿ. ಇದ್ರಿಂದ ಕಿಡ್ನಿ ಕೈಕೊಟ್ರೆ ಡಯಾಲಿಸಿಸ್ ಮಾಡ್ಬೇಕಾಗತ್ತೆ.”

ಕಿಡ್ನಿ ಹೋಗೋದೋ, ಪೀರಿ ನಗೋದೋ? ಎರಡನ್ನೂ ಬೈರಮ್ಮ ತೂಗಿ ನೋಡಿದಳು.

“ಪೀರಿ, ಒಂದು ಲೋಟ ಕಾಫಿ ತಾರೆ.”

“ಈಗ ಕಾಫಿನಾ? ಸರಿ ಬಿಡು.”

ಅವಳು ಆಚೆ ಹೋದಮೇಲೆ ಬೈರಮ್ಮ ಎಲೆಅಡಿಕೆ ಚೀಲದಿಂದ ಗುಲಾಬಿ ಪಟ್ಟಿ ತೆಗೆದುಕೊಟ್ಟಳು.

“ಎರಡೂ ಒಂದೇ ಔಷಧಿ ಅಜ್ಜಿ,” ಅಂದರು ಡಾಕ್ಟರಮ್ಮ. “ಕಂಪನಿ ಬೇರೆ, ಬಣ್ಣ ಬೇರೆ ಅಷ್ಟೆ. ಇದು ನಿಮ್ಮದರ ನಾಲ್ಕರಷ್ಟು ಜೋರು. ಎರಡೂ ಇವತ್ತೇ ನಿಲ್ಲಿಸಿ.”

ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಪೀರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ನಗಲಿಲ್ಲ. ನಕ್ಕಿದ್ದರೆ ಬೈರಮ್ಮನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಒಂಬತ್ತು ದಿನ ಡ್ರಿಪ್ ಏರಿಸಿದರು. ಕಿಡ್ನಿ ಉಳಿಯಿತು. ಕಾಲಿಗೆ ಬಲ ಬರಲು ಎರಡು ತಿಂಗಳಾಯಿತು. ಹಿಂದಿರುಗಿದಾಗ ಅವಳ ಜಾಗದಲ್ಲಿ ಒದ್ದೆ ಗೋಣಿ ಹಾಸಿತ್ತು, ಅದರ ಮೇಲೆ ಅವಳದೇ ಬುಟ್ಟಿ.

“ನಿನ್ನ ಗಿರಾಕಿಗಳಿಗೆಲ್ಲ ನಾನೇ ಅಳೆದು ಕೊಟ್ಟೆ. ಒಬ್ರೂ ಬೇರೆ ಕಡೆ ಹೋಗಿಲ್ಲ,” ಅಂದಳು ಪೀರಮ್ಮ.

ಅಷ್ಟರಲ್ಲಿ ಹಳೇ ಗಿರಾಕಿಯೊಬ್ಬರು ಬಂದು, “ವಾಪಸ್ ಬಂದ್ರಾ? ಪೀರಮ್ಮನ ಮೊಳ ನಿಮ್ಮದಕ್ಕಿಂತ ಉದ್ದ ಕಣ್ರೀ,” ಅಂದರು.

ಬೈರಮ್ಮ ಮಲ್ಲಿಗೆ ದಂಡೆಯನ್ನು ಮೊಣಕೈಗೆ ಹಿಡಿದು ಬೆರಳ ತುದಿಯವರೆಗೆ ಎಳೆದಳು. ಇಪ್ಪತ್ತೆಂಟು ವರ್ಷ ಅಲ್ಲೇ ಕತ್ತರಿಸಿದ್ದಳು. ಅವತ್ತು ಇನ್ನೂ ನಾಲ್ಕು ಬೆರಳು ಬಿಟ್ಟು ಕತ್ತರಿಸಿದಳು.

“ಏನೇ ಬೈರಿ, ಇದೂ ಡಬಲ್ ಡೋಸಾ?”

“ಸುಮ್ನೆ ಕೂತ್ಕೊಳೇ.”

ಸಂಜೆ ಏಳುವಾಗ ಪೀರಮ್ಮ ಕೈ ಚಾಚಿದಳು. ಬೈರಮ್ಮ ಗೋಡೆಯನ್ನೇ ಹಿಡಿದಳು.